ಪಾಕಶಾಲೆಯ ವಿದ್ಯಾರ್ಥಿಗಳ ಉಡುಪೂ ಶುಚಿತ್ವವೂ

ಹೋಟೆಲಿನಲ್ಲಿ ಊಟಕ್ಕೆ ಕುಳಿತವರು ಎಲೆಯನ್ನು ನೋಡುತ್ತಾರೆ, ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಬಡಿಸುವವನ ಉಗುರನ್ನೂ ಒಮ್ಮೊಮ್ಮೆ ನೋಡುವುದುಂಟು. ಆದರೆ ಅನ್ನವನ್ನು ಬಸಿದವನನ್ನೂ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದವನನ್ನೂ ಯಾರೂ ನೋಡುವುದಿಲ್ಲ. ಅವನಿಗೂ ನಮಗೂ ನಡುವೆ ಒಂದು ಗೋಡೆ ಅಡ್ಡವಾಗಿರುತ್ತದೆ. ಗೋಡೆಯ ಆಚೆ ನಡೆಯುವುದನ್ನೆಲ್ಲ ನಂಬಿಕೆಗೆ ಬಿಟ್ಟು ನಾವು ತುತ್ತನ್ನು ಬಾಯಿಗಿಡುತ್ತೇವೆ. ಈ ನಂಬಿಕೆಗೆ ತಕ್ಕವರನ್ನು ಸಿದ್ಧಗೊಳಿಸುವ ಕೆಲಸವು ಪಾಕಶಾಸ್ತ್ರವನ್ನು ಕಲಿಸುವ ಶಾಲೆಗಳ ಅಡುಗೆಮನೆಗಳಲ್ಲಿ ನಡೆಯತಕ್ಕುದಾಗಿದೆ. ಆ ಅಡುಗೆಮನೆಗಳಲ್ಲಿ ವಿದ್ಯಾರ್ಥಿಗಳಿಗೆ ವಿಧಿಸಿರುವ ಉಡುಪು ಮತ್ತು ಶುಚಿತ್ವದ ಕಟ್ಟಳೆಗಳನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮಗನನ್ನೋ ಮಗಳನ್ನೋ ಇಂಥ ಶಾಲೆಗೆ ಸೇರಿಸಿದ ತಂದೆತಾಯಿಗಳ ಕೈಗೆ ಪುಸ್ತಕಗಳ ಪಟ್ಟಿಗಿಂತ ಮುಂಚೆ ಬಟ್ಟೆಗಳ ಪಟ್ಟಿ ಬರುತ್ತದೆ. ಎರಡೆದೆಯ ಬಿಳಿಯ ಮೇಲಂಗಿ, ಚೌಕಳಿಯ ಷರಾಯಿ, ಮುಂದುಡುಪು, ಕೊರಳ ವಸ್ತ್ರ, ಟೋಪಿ, ಮುಚ್ಚಿದ ಬೂಡ್ಸು. ‘ಸೌಟು ಹಿಡಿಯುವುದಕ್ಕೆ ಇಷ್ಟೆಲ್ಲ ವೇಷವೇಕೆ? ನಮ್ಮ ಅಜ್ಜಿ ಒಂದು ಸೀರೆಯಲ್ಲಿ ನೂರು ಎಲೆಗೆ ಅಡುಗೆ ಮಾಡುತ್ತಿದ್ದಳಲ್ಲ!’ ಎಂದು ಅವರು ಕೇಳಿದರೆ ತಪ್ಪೇನೂ ಇಲ್ಲ. ಕೇಳಿದವರಿಗೆ ಉತ್ತರ ಹೇಳಬೇಕಾದುದು ನ್ಯಾಯ.

ಪಾಕವನ್ನು ಗ್ರಂಥಸ್ಥವಾಗಿ ಕಲಿಸುವುದು ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿಯೇ ಅಡುಗೆಯ ಪ್ರಕರಣವುಂಟು. ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಹೊಸದಾಗಿ ಬಂದುದು, ಯಾವ ಮನೆತನದವರಾದರೂ ಸರಿ, ಒಂದು ತರಗತಿಯಲ್ಲಿ ನಿಂತು ಒಲೆಯ ಮುಂದೆ ಪಾಠ ಕಲಿಯುವ ಪದ್ಧತಿ. ಲೀಲಾವತಿ ಮುನ್ಷಿಯವರ ಪ್ರಯತ್ನದಿಂದ ೧೯೫೪ರಲ್ಲಿ ಮುಂಬಯಿಯಲ್ಲಿ ಈ ವಿದ್ಯೆಗಾಗಿ ಒಂದು ಸಂಸ್ಥೆ ಆರಂಭವಾಯಿತು. ಅನಂತರ ಅಂಥ ಸಂಸ್ಥೆಗಳು ದೇಶದಲ್ಲೆಲ್ಲ ಹಬ್ಬಿ, ಬೆಂಗಳೂರಿನಲ್ಲಿಯೂ ನೆಲೆಗೊಂಡಿವೆ. ಈ ಶಾಲೆಗಳಲ್ಲಿ ಒಂದು ವಿಶೇಷವುಂಟು. ಲೆಕ್ಕದ ಪಾಠದಲ್ಲಿ ಹುಡುಗನು ತಪ್ಪಿದರೆ ಹಲಗೆಯನ್ನು ಒರೆಸಿದರಾಯಿತು. ಇಲ್ಲಿ ವಿದ್ಯಾರ್ಥಿಯು ಮಾಡಿದ ಪದಾರ್ಥವನ್ನು ಸಹಪಾಠಿಗಳೂ ಉಪಾಧ್ಯಾಯರೂ, ಎಷ್ಟೋ ಕಡೆ ಹೊರಗಿನ ಅತಿಥಿಗಳೂ ಉಣ್ಣುತ್ತಾರೆ. ಕಲಿಯುವವನ ತಪ್ಪು ಬೇರೊಬ್ಬರ ಹೊಟ್ಟೆಯನ್ನು ಸೇರುತ್ತದೆ.

ಉಡುಪಿನ ವಿಚಾರವನ್ನು ಮೊದಲು ನೋಡೋಣ. ಈ ವೇಷವು ಫ್ರಾನ್ಸ್ ದೇಶದಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನ ದೊರೆಗಳಿಗೆ ಅಡುಗೆ ಮಾಡಿ ಪ್ರಖ್ಯಾತನಾದ ಕರೇಮ್ ಎಂಬ ಬಾಣಸಿಗನು ಎತ್ತರದ ಟೋಪಿಯನ್ನೂ ಬಿಳಿಯ ಅಂಗಿಯನ್ನೂ ರೂಢಿಗೆ ತಂದನೆಂದು ಪ್ರತೀತಿ. ಅವನ ತರುವಾಯ ಬಂದ ಎಸ್ಕೋಫಿಯೆ, ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆಯಲ್ಲಿ ದಂಡಿನ ಶಿಸ್ತನ್ನು ಸ್ಥಾಪಿಸಿದನು. ಕುಡಿತವೂ ಬೈಗುಳವೂ ಒಲೆಯ ಸಹಚರರೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವೆರಡನ್ನೂ ಆತ ಹೊರಗಟ್ಟಿದನು. ಟೋಪಿಯ ನೂರು ನೆರಿಗೆಗಳು ಮೊಟ್ಟೆಯಿಂದ ಮಾಡಬಲ್ಲ ನೂರು ಭಕ್ಷ್ಯಗಳ ಸಂಕೇತವೆಂದು ಹೇಳುವ ಕಥೆಯೊಂದುಂಟು. ಕಥೆ ಸೊಗಸಾಗಿದೆ, ನಂಬಲೇಬೇಕೆಂಬ ನಿರ್ಬಂಧವಿಲ್ಲ. ಈಗಂತೂ ಹಲವು ಕಡೆಗಳಲ್ಲಿ ಎತ್ತರದ ಟೋಪಿಗೆ ಬದಲಾಗಿ ತಲೆಗೆ ಅಂಟಿಕೊಳ್ಳುವ ಕುಲಾವಿಯೂ, ಒಮ್ಮೆ ತೊಟ್ಟು ಬಿಸುಡುವ ಕಾಗದದ ಟೋಪಿಯೂ ಬಂದಿವೆ. ಕೂದಲು ಉದುರದಂತೆ ತಡೆಯುವುದು, ಹಣೆಯ ಬೆವರನ್ನು ಹೀರುವುದು, ಕೈಯು ಪದೇಪದೇ ತಲೆಗೆ ಹೋಗದಂತೆ ಮಾಡುವುದು, ಈ ಮೂರು ಕೆಲಸಗಳನ್ನು ಮಾಡಿದರೆ ಟೋಪಿಯ ಎತ್ತರ ಎಷ್ಟಾದರೇನು?

ಮೇಲಂಗಿಯಲ್ಲಿ ಮಾತ್ರ ಅನುಭವಿಗಳ ಬುದ್ಧಿಯು ಚೆನ್ನಾಗಿ ಕಾಣುತ್ತದೆ. ಎದೆಯ ಮೇಲೆ ಬಟ್ಟೆ ಎರಡು ಪದರವಾಗಿರುವುದರಿಂದ ಸಿಡಿದ ಎಣ್ಣೆಯೂ ಚೆಲ್ಲಿದ ಸಾರೂ ಚರ್ಮವನ್ನು ಮುಟ್ಟುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ಸುಟ್ಟ ಗಾಯದ ಆಳವು ಆ ಒಂದು ಕ್ಷಣದ ಮೇಲೆ ನಿಂತಿರುವುದುಂಟು. ತೋಳು ಮಣಿಕಟ್ಟಿನವರೆಗೆ ಇರುವುದೂ ಇದೇ ಕಾರಣಕ್ಕೆ. ಬಟ್ಟೆ ಹತ್ತಿಯದಾಗಿರಬೇಕು. ಕೃತಕ ನೂಲಿನ ಬಟ್ಟೆಯು ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಗುಂಡಿಗಳನ್ನು ಬಟ್ಟೆಯನ್ನೇ ಗಂಟುಹಾಕಿ ಮಾಡುವುದು ಹಳೆಯ ಸಂಪ್ರದಾಯ. ಅವು ಕುದಿನೀರಿನ ಒಗೆತವನ್ನು ತಾಳುತ್ತವೆ, ಒಡೆದು ಪಾತ್ರೆಯೊಳಗೆ ಬೀಳುವುದಿಲ್ಲ. ಎರಡೆದೆಯ ಅಂಗಿಗೆ ಮತ್ತೊಂದು ಅನುಕೂಲವಿದೆ: ಹೊರಮಗ್ಗುಲು ಕೊಳೆಯಾದಾಗ ಒಳಮಗ್ಗುಲನ್ನು ಮೇಲೆ ತಂದು ಗುಂಡಿ ಹಾಕಿಕೊಂಡರೆ ಅತಿಥಿಗಳ ಮುಂದೆ ಹೋಗಿ ನಿಲ್ಲಬಹುದು. ನಲವತ್ತು ವರ್ಷ ಒಲೆಯ ಮುಂದೆ ನಿಂತ ಹಿರಿಯ ಬಾಣಸಿಗನಿಗೆ ಇದು ಸೌಜನ್ಯ. ವಿದ್ಯಾರ್ಥಿಗೆ ಇದು ಒಂದು ಉಪಾಯವಾಗಿಬಿಡುತ್ತದೆ. ಬೆಳಗಿನ ತಪಾಸಣೆಯಲ್ಲಿ ಒಳಪದರವನ್ನೂ ಎತ್ತಿ ನೋಡುವ ಉಪಾಧ್ಯಾಯನನ್ನು ನಾವು ಕ್ರೂರಿಯೆನ್ನುವುದಿಲ್ಲ.

ಬಿಳಿಯ ಬಣ್ಣವೇಕೆಂದು ಕೇಳುವವರುಂಟು. ಕೊಳೆ ಕಾಣದ ಬಣ್ಣವನ್ನು ಕೊಡಬಾರದೇ ಎನ್ನುತ್ತಾರೆ. ಕೊಳೆ ಕಾಣಲೆಂದೇ ಬಿಳಿಯ ಬಣ್ಣವನ್ನು ಆರಿಸಿದ್ದು. ಅರಿಸಿನದ ಬೆರಳನ್ನು ಎದೆಗೆ ಒರೆಸಿದರೆ ಅಂಗಿಯು ಸಂಜೆಯವರೆಗೂ ಸಾಕ್ಷಿ ಹೇಳುತ್ತದೆ. ಷರಾಯಿಯ ಚೌಕಳಿ ಮಾತ್ರ ಕಲೆಯನ್ನು ಮರೆಸುವುದಕ್ಕೆ ಬಂದುದು. ಸೊಂಟದ ಕೆಳಗೆ ಇಷ್ಟು ದಾಕ್ಷಿಣ್ಯವಿರಲೆಂದು ಹಿಂದಿನವರು ಒಪ್ಪಿಕೊಂಡಂತೆ ತೋರುತ್ತದೆ.

ಬೂಡ್ಸನ್ನು ಕುರಿತು ದಾಕ್ಷಿಣ್ಯವಿಲ್ಲ. ಅಡುಗೆಮನೆಯೊಳಕ್ಕೆ ಮೆಟ್ಟು ಹಾಕಿಕೊಂಡು ಹೋಗುವುದೆಂದರೆ ನಮ್ಮ ಮನೆಗಳಲ್ಲಿ ಹಿರಿಯರ ಮನಸ್ಸು ಅಳುಕುತ್ತದೆ. ಆದರೆ ಹತ್ತು ಲೀಟರು ಕಾದ ಎಣ್ಣೆಯೂ, ಕೈಜಾರಿದ ಕತ್ತಿಯೂ ಬೀಳುವುದು ಪಾದದ ಮೇಲೆಯೇ. ಬೀದಿಯ ಬೂಡ್ಸನ್ನು ಹೊರಗೆ ಬಿಟ್ಟು, ಒಳಗಿಗೆಂದೇ ಇಟ್ಟುಕೊಂಡ, ಜಾರದ ತಳವುಳ್ಳ, ಬೆರಳುಗಳನ್ನು ಪೂರ್ತಿ ಮುಚ್ಚುವ ಜೋಡನ್ನು ಮೆಟ್ಟಬೇಕು. ಹೀಗೆ ಮಾಡಿದರೆ ಅಜ್ಜಿಯ ಆಕ್ಷೇಪಣೆಗೂ ಸಮಾಧಾನವಾಗುತ್ತದೆ. ಸೊಂಟಕ್ಕೆ ಸಿಕ್ಕಿಸುವ ವಸ್ತ್ರದ ವಿಷಯದಲ್ಲಿಯೂ ಒಂದು ಮಾತು: ಅದು ಬಿಸಿ ಪಾತ್ರೆಯನ್ನು ಹಿಡಿಯುವುದಕ್ಕೆ, ಕೈ ಒರೆಸುವುದಕ್ಕಲ್ಲ. ಒದ್ದೆಯ ವಸ್ತ್ರದಿಂದ ಕಾದ ಬಾಣಲೆಯನ್ನು ಹಿಡಿದರೆ ನೀರು ಆವಿಯಾಗಿ ಅಂಗೈಯನ್ನು ಬೇಯಿಸಿಬಿಡುತ್ತದೆ. ಮೊದಲ ವಾರದಲ್ಲಿ ಈ ಪಾಠವನ್ನು ಮಾತಿನಿಂದ ಕಲಿಯದವರು ಎರಡನೆಯ ವಾರದಲ್ಲಿ ಬೊಬ್ಬೆಯಿಂದ ಕಲಿಯುತ್ತಾರೆ.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು. ಪ್ಯಾರಿಸ್ಸಿನ ಚಳಿಗೆ ಹೊಲಿದ ದಪ್ಪದ ಅಂಗಿಯನ್ನು ರಾಯಚೂರಿನ ವೈಶಾಖದಲ್ಲಿ ಹಾಗೆಯೇ ತೊಡಿಸುವುದು ಬುದ್ಧಿವಂತಿಕೆಯಲ್ಲ. ಬೆವರಿನಿಂದ ತೊಯ್ದ ಅಂಗಿಯು ಶುಚಿಯೂ ಅಲ್ಲ, ಕ್ಷೇಮವೂ ಅಲ್ಲ. ನೂಲು ತೆಳುವಾಗಲಿ, ಬೆನ್ನಿನಲ್ಲಿ ಗಾಳಿಯಾಡುವ ನೆಯ್ಗೆಯಿರಲಿ. ಎದೆಯ ಎರಡು ಪದರವೂ ಉದ್ದ ತೋಳೂ ಉಳಿದರೆ ಸಾಕು. ಅಲ್ಲದೆ ಮಳೆಗಾಲದಲ್ಲಿ ಮಂಗಳೂರಿನ ವಿದ್ಯಾರ್ಥಿನಿಲಯದಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಒಂದೇ ಜೊತೆ ಅಂಗಿಯುಳ್ಳ ಬಡ ಹುಡುಗನು ಹಸಿಯ ಅಂಗಿಯನ್ನೋ ಕೊಳೆಯ ಅಂಗಿಯನ್ನೋ ತೊಟ್ಟು ಬರುವುದಲ್ಲದೆ ಬೇರೆ ದಾರಿಯೇನು? ಅವನಿಗೆ ದಂಡ ಹಾಕುವುದು ಸುಲಭ. ಬಿಸಿನೀರಿನಲ್ಲಿ ಒಗೆದು ಒಣಗಿಸಿ ಕೊಡುವ ಏರ್ಪಾಡನ್ನು ಶಾಲೆಯೇ ಮಾಡುವುದು ಕಷ್ಟ. ಆದರೆ ಶುಚಿತ್ವವನ್ನು ಬೇಡುವವರು ಹೊರಬೇಕಾದ ಕಷ್ಟ ಅದೇ ಆಗಿದೆ.

ಇನ್ನು ಆಭರಣಗಳು. ಉಂಗುರದ ಕೆಳಗೆ ಹಿಟ್ಟು ಸೇರಿ ಕೊಳೆಯುತ್ತದೆ. ಗಾಜಿನ ಬಳೆ ಒಡೆದರೆ ಚೂರು ಪಲ್ಯದಲ್ಲಿ ಕಾಣುವುದೇ ಇಲ್ಲ. ಕೈಗೆ ಕಟ್ಟಿದ ಕೆಂಪು ದಾರವು ದಿನವೆಲ್ಲ ತೇವವಾಗಿದ್ದು ಕ್ರಿಮಿಗಳಿಗೆ ನೆಲೆಯಾಗುತ್ತದೆ. ಉಗುರಿನ ಬಣ್ಣವು ಕೊಳೆಯನ್ನು ಮರೆಸುತ್ತದೆ, ಎದ್ದು ಬಂದರೆ ಅನ್ನದಲ್ಲಿ ಬೀಳುತ್ತದೆ. ಮುಡಿದ ಹೂವನ್ನು ಬಿಡುವುದು, ವ್ರತದ ದಾರವನ್ನು ಬಿಚ್ಚುವುದು ಕೆಲವರಿಗೆ ನೋವಿನ ಸಂಗತಿ. ಉಪಾಧ್ಯಾಯರು ಗದರಿಸದೆ ಕಾರಣವನ್ನು ತಿಳಿಸಿ ಹೇಳಿದರೆ, ಕರಡಿಗೆಯಲ್ಲಿ ಜೋಪಾನವಾಗಿಡಲು ಸ್ಥಳ ಕೊಟ್ಟರೆ, ಮನಸ್ಸು ಒಪ್ಪುತ್ತದೆ.

ಬಟ್ಟೆಯೆಲ್ಲ ಸರಿಯಾಗಿದ್ದರೂ ಕೈ ಸರಿಯಿಲ್ಲದಿದ್ದರೆ ಸರ್ವವೂ ವ್ಯರ್ಥ. ಕೈತೊಳೆಯುವುದನ್ನು ಕಲಿಸಬೇಕೇ ಎಂದು ನಗುವವರಿಗಾಗಿ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡುತ್ತಾರೆ. ಕತ್ತಲಲ್ಲಿ ನೇರಳಾತೀತ ಕಿರಣ ಬಿದ್ದರೆ ಹೊಳೆಯುವ ಒಂದು ಲೇಪವನ್ನು ವಿದ್ಯಾರ್ಥಿಯ ಕೈಗಳಿಗೆ ಸವರಿ, ‘ಹೋಗಿ ತೊಳೆದು ಬಾ’ ಎನ್ನುತ್ತಾರೆ. ತೊಳೆದ ಕೈಯನ್ನು ದೀಪದ ಕೆಳಗೆ ಹಿಡಿದಾಗ ಹೆಬ್ಬೆರಳಿನ ಬುಡ, ಬೆರಳ ತುದಿಗಳು, ಉಗುರಿನ ಅಂಚು, ಬೆರಳ ಸಂದು, ಎಲ್ಲವೂ ಮಿಣುಗುತ್ತವೆ. ಅಂಗೈ ಮಾತ್ರ ಶುಭ್ರ. ಅಡುಗೆ ನಡೆಯುವುದಾದರೋ ಬೆರಳ ತುದಿಗಳಿಂದ! ಸೋಪು ಕ್ರಿಮಿಯನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ, ಅದು ಅಂಟಿಕೊಂಡಿರುವ ಜಿಡ್ಡನ್ನು ಸಡಿಲಿಸಿ ನೀರಿನೊಡನೆ ಕಳುಹಿಸುತ್ತದೆ. ಆದುದರಿಂದ ಉಜ್ಜುವುದಕ್ಕೆ ೨೦ ಸೆಕೆಂಡುಗಳಾದರೂ ಬೇಕು. ಹಸಿಯ ಮಾಂಸವನ್ನೋ ಮೊಟ್ಟೆಯನ್ನೋ ಮುಟ್ಟಿದ ಮೇಲೆ, ಮೂಗನ್ನು ಮುಟ್ಟಿದ ಮೇಲೆ, ಕಸದ ಡಬ್ಬಿಯನ್ನು ಮುಟ್ಟಿದ ಮೇಲೆ, ಶೌಚದಿಂದ ಬಂದ ಮೇಲೆ, ಮತ್ತೆ ಮತ್ತೆ ತೊಳೆಯಬೇಕು. ರಬ್ಬರಿನ ಕೈಚೀಲ ಹಾಕಿಕೊಂಡವರು ಈ ಕಟ್ಟಳೆಯಿಂದ ತಪ್ಪಿಸಿಕೊಂಡೆವೆಂದು ತಿಳಿಯುತ್ತಾರೆ. ಕೈಚೀಲದ ದೋಷವೇ ಅದು. ಬರಿಗೈಗೆ ಅಂಟು ಹತ್ತಿದರೆ ತಿಳಿಯುತ್ತದೆ, ಕೈಚೀಲಕ್ಕೆ ಹತ್ತಿದರೆ ತಿಳಿಯುವುದಿಲ್ಲ.

ಮೂಗಿನ ಮಾತು ಬಂದುದರಿಂದ ಒಂದು ವಿವರ. ಆರೋಗ್ಯವಂತರಲ್ಲಿಯೇ ಸುಮಾರು ಮೂರರಲ್ಲೊಬ್ಬರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಎಂಬ ಕ್ರಿಮಿಯು ವಾಸವಾಗಿರುತ್ತದೆ. ಕೀವುಗಟ್ಟಿದ ಗಾಯದಲ್ಲಿಯೂ ಇರುತ್ತದೆ. ಅದು ಬೆರಳಿನ ಮೂಲಕ ಪಾಯಸಕ್ಕೆ ಬಿದ್ದು, ಪಾಯಸವು ೫ ಡಿಗ್ರಿಗಿಂತ ತಣ್ಣಗೂ ಇರದೆ ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಬಿಸಿಯಾಗಿಯೂ ಇರದೆ ಹಲವು ಗಂಟೆ ಕುಳಿತರೆ, ಕ್ರಿಮಿ ಬೆಳೆದು ವಿಷವನ್ನು ಬಿಡುತ್ತದೆ. ಆಮೇಲೆ ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಷವು ಹಾಗೆಯೇ ಉಳಿಯುತ್ತದೆ. ಮದುವೆಮನೆಯಲ್ಲಿ ಊಟವಾದ ಕೆಲವೇ ಗಂಟೆಗಳಲ್ಲಿ ಸಾಲುಸಾಲಾಗಿ ವಾಂತಿ ಆರಂಭವಾಗುವುದಕ್ಕೆ ಇದು ಒಂದು ಕಾರಣ. ಬೆರಳು ಕೊಯ್ದುಕೊಂಡ ವಿದ್ಯಾರ್ಥಿಗೆ ನೀಲಿಯ ಪಟ್ಟಿ ಕಟ್ಟುತ್ತಾರೆ. ನೀಲಿಯ ಬಣ್ಣದ ಆಹಾರ ಅಪರೂಪವಾದ್ದರಿಂದ, ಪಟ್ಟಿ ಬಿಚ್ಚಿ ಬಿದ್ದರೂ ಕಣ್ಣಿಗೆ ಬೀಳುತ್ತದೆ.

ಇದನ್ನೆಲ್ಲ ಕೇಳಿದ ಹಿರಿಯರು, ‘ಇದು ನಮ್ಮ ಮಡಿಯೇ ಅಲ್ಲವೇ?’ ಎನ್ನಬಹುದು. ಹೋಲಿಕೆ ಉಂಟು. ಸ್ನಾನ ಮಾಡಿ, ಬೇರೆಯಾಗಿ ಒಣಗಿಸಿದ ವಸ್ತ್ರವನ್ನು ಉಟ್ಟು, ಅಡುಗೆ ಮುಗಿಯುವವರೆಗೆ ಹೊರಗಿನದೇನನ್ನೂ ಮುಟ್ಟದಿರುವುದು. ದೇವರ ನೈವೇದ್ಯಕ್ಕೆ ಮುಂಚೆ ರುಚಿ ನೋಡದಿರುವುದು. ಇವುಗಳಲ್ಲಿ ಶಿಸ್ತೂ ಇದೆ, ಶುಚಿಯೂ ಇದೆ. ತರಬೇತಿಯ ಅಡುಗೆಮನೆಯಲ್ಲಿ ರುಚಿ ನೋಡುವುದನ್ನು ಕಲಿಸಲೇಬೇಕಾದ್ದರಿಂದ, ಎರಡು ಚಮಚಗಳನ್ನಿಟ್ಟು, ಪಾತ್ರೆಯ ಚಮಚ ಬಾಯಿಗೆ ಹೋಗದಂತೆಯೂ ಬಾಯಿಯ ಚಮಚ ಪಾತ್ರೆಗೆ ಬಾರದಂತೆಯೂ ಅಭ್ಯಾಸ ಮಾಡಿಸುತ್ತಾರೆ. ಎಂಜಲಿನ ಕಲ್ಪನೆಯುಳ್ಳ ನಮ್ಮ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಆದರೆ ಭೇದವೂ ದೊಡ್ಡದೇ. ಮಡಿಯು ಯಾರು ಮುಟ್ಟಿದರೆಂದು ಕೇಳಿತು. ಎಷ್ಟೋ ಜನರನ್ನು ಹುಟ್ಟಿನ ಕಾರಣದಿಂದಲೇ ಒಲೆಯಿಂದ ದೂರವಿಟ್ಟಿತು. ಶಾಲೆಯ ಕಟ್ಟಳೆ ಕೇಳುವುದು, ಆ ಕೈ ಈಗತಾನೇ ಏನನ್ನು ಮುಟ್ಟಿತು ಎಂದು ಮಾತ್ರ. ಕ್ರಿಮಿಗೆ ಕುಲವಿಲ್ಲ. ಮೂರು ದಿನ ಒಗೆಯದ ಪಟ್ಟೆಯ ಮಡಿಯಲ್ಲಿಯೂ ಅದು ಸುಖವಾಗಿರುತ್ತದೆ.

ಅಂಗಿಯೂ ಟೋಪಿಯೂ ಎಷ್ಟು ಶುಭ್ರವಾಗಿದ್ದರೂ ಮರೆಯಲ್ಲಿ ಉಳಿಯಬಹುದಾದ ಅಪಾಯವೊಂದುಂಟು. ಅದಕ್ಕಾಗಿ ಅಮೆರಿಕದ ಒಬ್ಬ ಅಡುಗೆಯವಳ ಕಥೆಯನ್ನು ಹೇಳಬೇಕಾಗಿದೆ. ೧೯೦೬ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬಳಿಯ ಆಯ್ಸ್ಟರ್ ಬೇ ಎಂಬಲ್ಲಿ ಒಬ್ಬ ಸಾಹುಕಾರನ ಬಾಡಿಗೆಯ ಮನೆಯಲ್ಲಿದ್ದ ೧೧ ಮಂದಿಯಲ್ಲಿ ೬ ಮಂದಿಗೆ ವಿಷಮಶೀತಜ್ವರ ಬಂದಿತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ತಜ್ಞನು ನೀರನ್ನೂ ಹಾಲನ್ನೂ ಪರೀಕ್ಷಿಸಿ, ಕಡೆಗೆ ಕೆಲಸ ಬಿಟ್ಟು ಹೋಗಿದ್ದ ಅಡುಗೆಯವಳ ಜಾಡನ್ನು ಹಿಡಿದನು. ಅವಳು ಐರ್ಲೆಂಡಿನಿಂದ ವಲಸೆ ಬಂದ ಮೇರಿ ಮ್ಯಾಲನ್. ಅವಳು ಮೊದಲು ದುಡಿದಿದ್ದ ಮನೆಗಳಲ್ಲಿಯೂ ಜ್ವರ ಕಾಣಿಸಿಕೊಂಡಿತ್ತು. ಅವಳಾದರೋ ಆರೋಗ್ಯವಾಗಿದ್ದಳು. ರೋಗವು ಅವಳನ್ನು ಕಾಡದೆ ಅವಳ ದೇಹದಲ್ಲಿ ಬೀಡುಬಿಟ್ಟಿತ್ತು. ಶೌಚದ ಅನಂತರ ಸರಿಯಾಗಿ ತೊಳೆಯದ ಕೈಯಿಂದ ಆಹಾರಕ್ಕೆ ಇಳಿಯುತ್ತಿತ್ತು. ಬೇಯಿಸಿದ ಪದಾರ್ಥದಲ್ಲಿ ಕ್ರಿಮಿ ಸಾಯುತ್ತಿದ್ದಿತು. ಆದರೆ ಅವಳು ಮಾಡುತ್ತಿದ್ದ ಐಸ್‌ಕ್ರೀಮಿನಲ್ಲಿ ಹಸಿಯ ಪೀಚ್ ಹಣ್ಣಿನ ಹೋಳುಗಳಿರುತ್ತಿದ್ದವು. ಮನೆಯವರಿಗೆ ಅದು ಬಹಳ ಇಷ್ಟವಾಗಿತ್ತು.

೧೯೦೭ರಲ್ಲಿ ಅವಳನ್ನು ಹಿಡಿದು ಒಂದು ನಡುಗಡ್ಡೆಯಲ್ಲಿ ಪ್ರತ್ಯೇಕವಾಗಿಟ್ಟರು. ಮುಂದೆ ಅಡುಗೆಯ ಕೆಲಸ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ ೧೯೧೦ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ದೊರಕಿತು. ಅದರ ಸಂಬಳ ಅಡುಗೆಯ ಸಂಬಳಕ್ಕಿಂತ ಕಡಿಮೆ. ತನಗೆ ರೋಗವಿದೆಯೆಂಬುದನ್ನು ಅವಳು ನಂಬಲೇ ಇಲ್ಲ. ೧೯೧೫ರಲ್ಲಿ ನ್ಯೂಯಾರ್ಕಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ೨೫ ಮಂದಿಗೆ ಜ್ವರ ಬಂದು ಇಬ್ಬರು ಸತ್ತಾಗ, ಅಲ್ಲಿ ಬ್ರೌನ್ ಎಂಬ ಹೆಸರಿನಿಂದ ಅಡುಗೆ ಮಾಡುತ್ತಿದ್ದವಳು ಮೇರಿಯೇ ಎಂದು ತಿಳಿದುಬಂದಿತು. ಮತ್ತೆ ಅದೇ ನಡುಗಡ್ಡೆಗೆ ಕಳುಹಿಸಲ್ಪಟ್ಟು, ೧೯೩೮ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಉಳಿದಳು.

ಈ ಹೆಂಗಸನ್ನು ರಾಕ್ಷಸಿಯಂತೆ ಚಿತ್ರಿಸಿದವರು ಬಹಳ. ನಮಗೆ ಹಾಗೆ ತೋರುವುದಿಲ್ಲ. ಅವಳು ಕೊಟ್ಟ ಮಾತನ್ನು ಮುರಿದಳು, ಅದರಿಂದ ಜನ ಸತ್ತರು, ಇದು ನಿಜ. ಸೌಟನ್ನು ಬಿಡೆಂದು ಹೇಳಿದವರು ಹಿಂದಿನಷ್ಟು ಅನ್ನ ಹುಟ್ಟುವ ಬೇರೆ ಕಸುಬನ್ನು ಅವಳಿಗೆ ಕಲಿಸಲಿಲ್ಲ, ಇದೂ ನಿಜ. ಸತ್ಯವನ್ನು ಹೇಳಿದರೆ ಹೊಟ್ಟೆಗೆ ಕಲ್ಲು ಬೀಳುವ ಕಡೆ ಸತ್ಯವು ಹೊರಗೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೨೦೦೬ರ ಆಹಾರ ಸುರಕ್ಷೆಯ ಅಧಿನಿಯಮದ ಅಡಿಯಲ್ಲಿ ೨೦೧೧ರಲ್ಲಿ ಬಂದ ಲೈಸೆನ್ಸಿನ ನಿಯಮಗಳು ಆಹಾರವನ್ನು ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯನ್ನೂ, ಕರುಳಿನ ಜ್ವರಗಳ ವಿರುದ್ಧ ಚುಚ್ಚುಮದ್ದನ್ನೂ ವಿಧಿಸಿವೆ. ಅಂಟುರೋಗವುಳ್ಳವರನ್ನು ಕೆಲಸಕ್ಕೆ ಬಿಡಕೂಡದೆಂದಿವೆ. ಶುಭ್ರವಾದ ಉಡುಪನ್ನೂ ತಲೆಯ ಹೊದಿಕೆಯನ್ನೂ ಕೇಳಿವೆ. ಕೆಲಸದ ಸ್ಥಳದಲ್ಲಿ ಅಗಿಯುವುದು, ಉಗುಳುವುದು, ಸೇದುವುದು ಇವುಗಳನ್ನು ನಿಷೇಧಿಸಿವೆ. ಆದರೆ ವರ್ಷಕ್ಕೊಮ್ಮೆ ಪರೀಕ್ಷಿಸುವ ವೈದ್ಯನಿಗೆ ಇಂದು ಬೆಳಗ್ಗೆ ಯಾರ ಹೊಟ್ಟೆ ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಅದನ್ನು ವಿದ್ಯಾರ್ಥಿಯೇ ಹೇಳಬೇಕು. ಇಂಗ್ಲೆಂಡಿನಲ್ಲಿ ವಾಂತಿಭೇದಿ ನಿಂತ ಮೇಲೆ ೪೮ ಗಂಟೆ ಕಳೆಯುವವರೆಗೆ ಆಹಾರದ ಕೆಲಸಕ್ಕೆ ಬರಬಾರದೆಂಬ ಪದ್ಧತಿಯಿದೆ. ನಮ್ಮ ವಿದ್ಯಾರ್ಥಿಯು ಈ ಪದ್ಧತಿಯನ್ನು ಅನುಸರಿಸಿದರೆ ಎರಡು ಮೂರು ದಿನದ ಹಾಜರಿ ತಪ್ಪುತ್ತದೆ. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಲು ಅಪ್ಪಣೆಯಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನವೇ ಜ್ವರ ಬಂದರಂತೂ ಒಂದು ವರ್ಷವೇ ಹೋದೀತೆಂಬ ಭಯ. ಆಗ ಅವನು ಒಂದು ಮಾತ್ರೆ ನುಂಗಿ, ಬಿಳಿಯ ಅಂಗಿಯನ್ನು ತೊಟ್ಟು, ಟೋಪಿಯನ್ನು ಸರಿಪಡಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತಾನೆ. ತಪಾಸಣೆಯಲ್ಲಿ ಪೂರ್ಣ ಅಂಕ!

ಇದಕ್ಕೆ ಪರಿಹಾರ ದುಬಾರಿಯದಲ್ಲ. ಅಡುಗೆಮನೆಯ ಬಾಗಿಲ ಹೊರಗೆ ಒಂದು ಸಾಲು ಗೂಟಗಳಿರಲಿ; ಶೌಚಕ್ಕೆ ಹೋಗುವವನು ಮುಂದುಡುಪನ್ನು ಅಲ್ಲಿ ತಗಲಿಸಿ ಹೋಗಲಿ. ಬಾಗಿಲ ಒಳಗೆ, ಮೊಣಕೈಯಿಂದ ತಿರುಗಿಸಬಹುದಾದ ನಲ್ಲಿಯೂ ಸೋಪೂ ಇರಲಿ. ಅದರ ಪಕ್ಕದಲ್ಲಿ ಒಂದು ಪುಸ್ತಕವಿರಲಿ. ಪ್ರತಿಯೊಬ್ಬನೂ ಒಳಗೆ ಬರುವಾಗ ತನ್ನ ಹೆಸರಿನ ಎದುರಿಗೆ ಮೂರು ಸಂಗತಿಗಳನ್ನು ಬರೆಯಲಿ: ಹೊಟ್ಟೆ ಸರಿಯಾಗಿದೆಯೇ, ಜ್ವರ ಕೆಮ್ಮುಗಳುಂಟೇ, ಕೈಯಲ್ಲಿ ಗಾಯವುಂಟೇ. ಗಾಯವಿದ್ದವನನ್ನು ಉಗ್ರಾಣದ ಲೆಕ್ಕಕ್ಕೆ ಕೂರಿಸಬಹುದು. ಹೊಟ್ಟೆ ಸರಿಯಿಲ್ಲವೆಂದು ಬರೆದವನನ್ನು ಮನೆಗೆ ಕಳುಹಿಸಬೇಕು. ಪ್ರಾಯೋಗಿಕ ಪರೀಕ್ಷೆಯಿದ್ದರೆ ಅವನಿಗೆ ಮತ್ತೊಂದು ದಿನವನ್ನು ಗೊತ್ತುಮಾಡಬೇಕು. ಆ ದಿನದ ಹಾಜರಿಯನ್ನು ಅವನ ಎದುರಿನಲ್ಲಿಯೇ, ಅವನು ಹೊರಡುವ ಮುಂಚೆಯೇ, ಹಾಕಿಬಿಡಬೇಕು.